ಲಾ ಗೊಮೇರಾದಲ್ಲಿ ಐದು ದಿನ: ಹುಟ್ಟು ಹಾಕುವವರು ಮತ್ತು ಅತ್ತೆಯ ಚಿಕ್ಕಿ

ಈ ಪ್ರವಾಸಕ್ಕೆ ಕಾರಣ ಒಂದು ಭಾಷಣ. ಅದೂ ನನಗೆ ಇಷ್ಟವಾಗದ ಭಾಷಣ.

ಎರಡು ವರ್ಷದ ಹಿಂದೆ ನಮ್ಮ ಆಫೀಸಿಗೆ ಒಬ್ಬರು ಬಂದಿದ್ದರು. ಅಟ್ಲಾಂಟಿಕ್ ಸಾಗರವನ್ನು ಪುಟ್ಟ ದೋಣಿಯಲ್ಲಿ ಹುಟ್ಟು ಹಾಕಿಕೊಂಡೇ ದಾಟಿದವರು. ಈಗ ಕಂಪನಿಯಿಂದ ಕಂಪನಿಗೆ ಹೋಗಿ ರೆಸಿಲಿಯೆನ್ಸ್ ಬಗ್ಗೆ ಮಾತಾಡುತ್ತಾರೆ. ಅಂದರೆ, ಬಿದ್ದರೂ ಎದ್ದು ನಿಲ್ಲುವುದು ಹೇಗೆ ಅಂತ. ಫೋಟೋಗಳು ಚೆನ್ನಾಗಿದ್ದವು, ಮನುಷ್ಯರೂ ಒಳ್ಳೆಯವರೇ. ಆದರೆ ಅದೇ ತಿಂಗಳು ನಮ್ಮ ಟೀಮಿನಲ್ಲಿ ಮೂವರ ಕೆಲಸ ಹೋಗಿತ್ತು. ಕಡಲಿನ ಅಲೆಗೆ ಯಾರನ್ನೂ ಬೈಯುವ ಹಾಗಿಲ್ಲ, ಸರಿ. ಕೆಲಸ ಹೋದದ್ದು ಅಲೆ ಬಂದು ಅಲ್ಲವಲ್ಲ, ಯಾರೋ ಕೂತು ಪಟ್ಟಿ ಮಾಡಿದ್ದರಿಂದ. ಭಾಷಣ ಮುಗಿದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ, ಬಿಸ್ಕತ್ತು ತಿಂದು ಮನೆಗೆ ಬಂದೆ.

ಸಿಟ್ಟು ಹೋಯಿತು, ದೋಣಿ ಮಾತ್ರ ತಲೆಯಲ್ಲಿ ಉಳಿಯಿತು. ಅಷ್ಟು ದಿನ ಅದರೊಳಗೆ ಏನು ಮಾಡುತ್ತಾರೆ? ಎಲ್ಲಿ ಮಲಗುತ್ತಾರೆ? ಭಾಷಣದಲ್ಲಿ ಇದೆಲ್ಲ ಬರಲೇ ಇಲ್ಲ. ಹಾಗಾಗಿ ಅತ್ತೆ ಹೊನ್ನಾವರದಿಂದ ಇಂಗ್ಲೆಂಡಿನ ರೆಡಿಂಗಿಗೆ, ನಮ್ಮ ಮನೆಗೆ ಬಂದಾಗ, ಡಿಸೆಂಬರ್ ಚಳಿಯಲ್ಲಿ ಅವರನ್ನು ಎಲ್ಲಿಗಾದರೂ ಬಿಸಿಲಿಗೆ ಕರೆದುಕೊಂಡು ಹೋಗೋಣ ಅಂತ ಇವರು ಅಂದರು. ನಾನು ತಕ್ಷಣ ಲಾ ಗೊಮೇರಾ ಅಂದೆ. ಅಂಥ ದೋಣಿಗಳು ಹೊರಡುವುದು ಅಲ್ಲಿಂದಲೇ.

ಮೊದಲ ದಿನ

ಲಾ ಗೊಮೇರಾ ಸ್ಪೇನಿಗೆ ಸೇರಿದ ಕ್ಯಾನರಿ ದ್ವೀಪಗಳಲ್ಲಿ ಒಂದು, ನಕ್ಷೆಯಲ್ಲಿ ಆಫ್ರಿಕಾದ ಪಕ್ಕ ಕಾಣುತ್ತದೆ. ನಮ್ಮ ಪಾಸ್‌ಪೋರ್ಟಿಗೆ ಷೆಂಗೆನ್ ವೀಸಾ ಬೇಕು. ಅತ್ತೆಯದ್ದು ಕೈಗೆ ಬಂದದ್ದು ಹೊರಡುವ ನಾಲ್ಕು ದಿನ ಮುಂಚೆ, ಆದ್ದರಿಂದ ಹೋಗುವವರು ಬೇಗ ಅರ್ಜಿ ಹಾಕಿ. ಟೆನೆರಿಫ್‌ವರೆಗೆ ವಿಮಾನ, ಅಲ್ಲಿಂದ ಟ್ಯಾಕ್ಸಿಯಲ್ಲಿ ಇಪ್ಪತ್ತು ನಿಮಿಷಕ್ಕೆ ಲೋಸ್ ಕ್ರಿಸ್ತಿಯಾನೋಸ್ ಬಂದರು, ಆಮೇಲೆ ಸುಮಾರು ಒಂದು ಗಂಟೆ ಹಡಗು.

ಆ ಒಂದು ಗಂಟೆಯಲ್ಲಿ ಇವರು ಎರಡು ಸಲ ವಾಂತಿ ಮಾಡಿದರು. ಗಾಳಿ ಜೋರಿತ್ತು, ಹಡಗು ಒಂದು ಕಡೆ ಎದ್ದು ಇನ್ನೊಂದು ಕಡೆ ಕೂರುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡು ಕೂತಿದ್ದೆ. ಅತ್ತೆ ಮಾತ್ರ ಕಿಟಕಿ ಪಕ್ಕ ಕೂತು ಡಬ್ಬಿ ತೆಗೆದು ಅವಲಕ್ಕಿ ತಿನ್ನುತ್ತಿದ್ದರು. ಶರಾವತಿಯ ಕುರ್ವೆಯಲ್ಲಿ, ಅಂದರೆ ಹೊಳೆ ನಡುವಿನ ದ್ವೀಪದಲ್ಲಿ ಹುಟ್ಟಿದವರು ಅವರು. ಶಾಲೆಗೆ ದೋಣಿಯಲ್ಲೇ ಹೋದವರು, ಆಮೇಲೆ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವರು. "ಇಷ್ಟಕ್ಕೆಲ್ಲ ವಾಂತಿನಾ? ಮಳೆಗಾಲದಲ್ಲಿ ಅಳಿವೆ ಹತ್ರ ಒಂದ್ಸಲ ಬಾ" ಅಂದರು ಮಗನಿಗೆ. ಹಡಗು ಹತ್ತುವ ಅರ್ಧ ಗಂಟೆ ಮುಂಚೆ ಮಾತ್ರೆ ತಗೊಳ್ಳಿ, ಹತ್ತಿದ ಮೇಲೆ ತಗೊಂಡರೆ ಮಾತ್ರೆಯೂ ಹೊರಗೆ ಬರುತ್ತದೆ.

ಸಾನ್ ಸೆಬಾಸ್ಟಿಯನ್ ಅಲ್ಲಿನ ಮುಖ್ಯ ಊರು. ಗುಡ್ಡದ ಮೇಲೆ ಬಣ್ಣಬಣ್ಣದ ಪೆಟ್ಟಿಗೆ ಜೋಡಿಸಿದ ಹಾಗೆ ಮನೆಗಳು, ಕೆಳಗೆ ಕಪ್ಪು ಮರಳಿನ ದಂಡೆ. 1492ರಲ್ಲಿ ಕೊಲಂಬಸ್ ಇಲ್ಲಿ ತಂಗಿ, ನೀರು ತುಂಬಿಸಿಕೊಂಡು ಪಶ್ಚಿಮಕ್ಕೆ ಹೊರಟ. ಆ ಬಾವಿಯನ್ನು ಈಗಲೂ ತೋರಿಸುತ್ತಾರೆ. ಸಂಜೆ ದಂಡೆಯಲ್ಲಿ ಕೂತಾಗ ಆ ಕಡೆ ಟೆನೆರಿಫ್‌ನ ತೇಯ್ದೆ ಪರ್ವತ ಮೋಡದ ಮೇಲೆ ತಲೆ ಎತ್ತಿ ನಿಂತಿತ್ತು. 3,715 ಮೀಟರ್ ಎತ್ತರ. ಅದರ ತುದಿ ಸುಮಾರು ಹೊತ್ತು ಕೆಂಪಗಿತ್ತು, ಉಳಿದದ್ದೆಲ್ಲ ಕತ್ತಲೆ. ಇವರು ನಿಂಬೆಹಣ್ಣು ಮೂಸುತ್ತಾ ಸುಮ್ನೆ ಕೂತಿದ್ದರು.

ಎರಡನೇ ದಿನ

ಬೆಳಿಗ್ಗೆ ತಿಂಡಿ ಮುಗಿಸಿ ನೇರ ದೋಣಿಗಳ ಹತ್ತಿರ ಹೋದೆವು. ಹುಡುಕುವ ಕೆಲಸವೇ ಇಲ್ಲ. ಬಂದರಿನ ಪಕ್ಕದ ಅಂಗಳದಲ್ಲಿ ಹತ್ತಾರು ದೋಣಿಗಳು ಟ್ರೇಲರ್ ಮೇಲೆ ಸಾಲಾಗಿ ನಿಂತಿದ್ದವು, ಮೈತುಂಬ ಪ್ರಾಯೋಜಕರ ಸ್ಟಿಕ್ಕರ್. ಪ್ರತಿ ವರ್ಷ ಡಿಸೆಂಬರಿನಲ್ಲಿ ಇಲ್ಲಿಂದ 'ವರ್ಲ್ಡ್ಸ್ ಟಫೆಸ್ಟ್ ರೋ' ಹೊರಡುತ್ತದೆ. ಕೆರಿಬಿಯನ್ನಿನ ಆಂಟಿಗುವಾವರೆಗೆ 3,000 ಮೈಲಿ. ಪಟ ಇಲ್ಲ, ಎಂಜಿನ್ ಇಲ್ಲ. ನಾಲ್ವರು, ಇಬ್ಬರು, ಒಬ್ಬರೇ ಹೋಗುವವರೂ ಇದ್ದಾರೆ. ಜೊತೆ ಇದ್ದರೆ ಎರಡು ಗಂಟೆ ಹುಟ್ಟು, ಎರಡು ಗಂಟೆ ನಿದ್ದೆ, ಹಗಲೂ ರಾತ್ರಿ ಅದೇ.

ಅತ್ತೆ ಒಂದು ದೋಣಿಯ ಸುತ್ತ ಒಂದು ಸುತ್ತು ಬಂದರು. "ಎಂತದೇ ಇದು, ಇಷ್ಟೇ ದೋಣಿನಾ? ನಮ್ಮ ಊರಲ್ಲಿ ಚಿಪ್ಪಿ ಆಯೋದಕ್ಕೆ ಇದಕ್ಕಿಂತ ದೊಡ್ಡದು ತಗೊಂಡು ಹೋಗ್ತಾರೆ."

ಆ ದೋಣಿಯ ಒಡತಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಮೂವತ್ತೈದರ ಆಸುಪಾಸು, ಇಂಗ್ಲೆಂಡಿನವಳು, ಒಬ್ಬಳೇ ಹೋಗುವವಳು. ಹೆಸರು ಬರೆಯಲಾ ಅಂತ ನಾನು ಕೇಳಲಿಲ್ಲ, ಹಾಗಾಗಿ ಇಲ್ಲಿ ಬರೆಯುವುದಿಲ್ಲ. ಸುತ್ತ ಟಾರ್ಪಾಲಿನ ಮೇಲೆ ಅವಳ ಇಡೀ ಸಂಸಾರ ಹರಡಿತ್ತು. ಒಣಗಿಸಿದ ಊಟದ ಪೊಟ್ಟಣಗಳು, ಹಗ್ಗಗಳು, ಪಟಾಕಿಯ ಹಾಗೆ ಬೆಳಕು ಕೊಡುವ ಫ್ಲೇರ್‌ಗಳು, ಮುಲಾಮಿನ ಟ್ಯೂಬುಗಳು, ಒಂದು ಬಿಡಿ ಚುಕ್ಕಾಣಿ. ಅಧಿಕಾರಿಗಳು ಬಂದು ಒಂದೊಂದನ್ನೂ ಪಟ್ಟಿ ನೋಡಿ ಎಣಿಸುತ್ತಾರಂತೆ. ಒಂದು ಕಡಿಮೆ ಇದ್ದರೂ ನೀರಿಗೆ ಬಿಡುವುದಿಲ್ಲ.

ಅವಳು ಆಗ ಮಾಡುತ್ತಿದ್ದ ಕೆಲಸ ಏನು ಗೊತ್ತಾ? ಜಿಪ್ ಇರುವ ಪ್ಲಾಸ್ಟಿಕ್ ಚೀಲಗಳಿಗೆ ಬಾದಾಮಿ, ಚಾಕಲೇಟು, ಒಣದ್ರಾಕ್ಷಿ ತುಂಬುವುದು. ದಿನಕ್ಕೊಂದು ಚೀಲ. ಮೇಲೆ ಮಾರ್ಕರಿನಲ್ಲಿ ನಂಬರ್. ಹದಿನೇಳರ ತನಕ ಬಂದಿದ್ದಳು. ಪಕ್ಕದಲ್ಲಿ ಅವಳ ಅಮ್ಮ ಚೀಲ ಒತ್ತಿ ಗಾಳಿ ತೆಗೆಯುತ್ತಿದ್ದರು. ಅತ್ತೆ ಕೇಳಲೂ ಇಲ್ಲ, ಸೀರೆ ಎತ್ತಿ ಸಿಕ್ಕಿಸಿಕೊಂಡು ಅವರ ಪಕ್ಕ ಕೂತೇಬಿಟ್ಟರು. ಮದುವೆ ಮನೆಯಲ್ಲಿ ಉಂಡೆ ಕಟ್ಟುವುದಕ್ಕೆ ಕೂತ ಹಾಗೆ. ಇಬ್ಬರು ಅಮ್ಮಂದಿರಿಗೂ ಒಬ್ಬರ ಭಾಷೆ ಒಬ್ಬರಿಗೆ ಅರ್ಧ ಅರ್ಧ, ಆದರೆ ಊಟದ ಹೊತ್ತಿಗೆ ನಲವತ್ತೊಂದು ಚೀಲ ಆಗಿತ್ತು.

ನಾನು ಅಷ್ಟು ಹೊತ್ತೂ ಪ್ರಶ್ನೆ ಕೇಳಿದೆ. ನೀರು? ಕಡಲ ನೀರನ್ನೇ ಸಿಹಿ ಮಾಡುವ ಯಂತ್ರ ಇದೆ, ಸೋಲಾರಿನಲ್ಲಿ ಓಡುತ್ತದೆ, ಕೆಟ್ಟರೆ ಕೈಪಂಪು. ಮಲಗುವುದು? ಹಿಂದೆ ಒಂದು ಗೂಡು, ಕಾಲು ಚಾಚಿದರೆ ಮುಗಿಯಿತು. ದೋಣಿ ಮಗುಚಿದರೆ? ಗೂಡಿನ ಬಾಗಿಲು ಮುಚ್ಚಿದ್ದರೆ ತಾನೇ ತಿರುಗಿ ಎದ್ದು ನಿಲ್ಲುತ್ತದೆ, ತೆರೆದಿದ್ದರೆ ಇಲ್ಲ. ಕಕ್ಕಸು? ಒಂದು ಬಕೆಟ್ಟು. ಎದುರು ಗಾಳಿ ಬಂದರೆ? ಛತ್ರಿಯಂಥ ದೊಡ್ಡ ಬಟ್ಟೆಯನ್ನು ನೀರಿಗೆ ಇಳಿಬಿಟ್ಟು, ಅದೇ ಲಂಗರು ಅಂತ ನಂಬಿಕೊಂಡು ಒಳಗೆ ಮಲಗಬೇಕು. ತಳಕ್ಕೆ ಚಿಪ್ಪು ಹುಳ ಕಚ್ಚಿಕೊಂಡು ವೇಗ ಕಡಿಮೆಯಾದರೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೀರಿಗಿಳಿದು ಕೆರೆಯಬೇಕು. ಕೆಳಗೆ ಕಿಲೋಮೀಟರುಗಟ್ಟಲೆ ಆಳ.

"ಅದಕ್ಕಿಂತ ಭಯ ಕುಂಡೆಯದ್ದು" ಅಂದಳು. ಉಪ್ಪು ನೀರು, ಬೆವರು, ದಿನಕ್ಕೆ ಹನ್ನೆರಡು ಗಂಟೆ ಸೀಟಿನ ಮೇಲೆ ಉಜ್ಜುವುದು. ಹುಣ್ಣಾದರೆ ಕೂರುವ ಹಾಗಿಲ್ಲ, ಕೂರದೆ ಹುಟ್ಟು ಹಾಕುವ ಹಾಗಿಲ್ಲ. ದಡ ಕಣ್ಣಿಗೆ ಮರೆಯಾದ ಮೇಲೆ ಬಟ್ಟೆ ಹಾಕಿಕೊಳ್ಳುವವರು ಕಡಿಮೆ ಅಂತಲೂ ಹೇಳಿದಳು. ಅದನ್ನು ನಾನು ಅತ್ತೆಗೆ ಅನುವಾದ ಮಾಡಲಿಲ್ಲ. ಅವರು ಆಮೇಲೆ ರೂಮಿನಲ್ಲಿ "ಬಟ್ಟೆ ವಿಷಯ ನಂಗೆ ಅರ್ಥ ಆಯ್ತು" ಅಂದರು.

ಕೊನೆಗೆ ನಮ್ಮ ಆಫೀಸಿನ ಭಾಷಣದ ಕಥೆ ಹೇಳಿದೆ. ಅವಳು ಜೋರಾಗಿ ನಕ್ಕಳು. "ನಾನೂ ಭಾಷಣ ಮಾಡ್ತೀನಿ. ದೋಣಿಗೆ ಸಾಲ ಮಾಡಿದೀನಿ. ದಾಟಿದ ಮೇಲೆ ದೋಣಿ ಮಾರಿ ಅರ್ಧ ತೀರಿಸ್ತೀನಿ, ಇನ್ನರ್ಧಕ್ಕೆ ಭಾಷಣ." ಎರಡು ವರ್ಷದಿಂದ ನನಗೆ ಹೊಳೆಯದ ವಿಷಯ ಇದು. ಹಾಗಾದರೆ ಆ ಚೀಲಗಳ ಬಗ್ಗೆಯೂ ಮಾತಾಡು ಅಂದೆ. "ಅದಕ್ಕೆ ಯಾರು ದುಡ್ಡು ಕೊಡ್ತಾರೆ? ಅವರಿಗೆ ಅಲೆ ಬೇಕು" ಅಂದಳು.

ಮೂರನೇ ದಿನ

ಬಾಡಿಗೆ ಕಾರು ತಗೊಂಡು ಗುಡ್ಡ ಹತ್ತಿದೆವು. ಕೆಳಗೆ ಚುರುಗುಟ್ಟುವ ಬಿಸಿಲು, ಕಳ್ಳಿ ಗಿಡ. ನಲವತ್ತು ನಿಮಿಷ ತಿರುವು ಹಾಕಿ ಮೇಲೆ ಹೋದರೆ ಸ್ವೆಟರ್ ಬೇಕು. ಗಾರಾಹೊನಾಯ್ ಕಾಡು 1986ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಹತ್ತಾರು ಲಕ್ಷ ವರ್ಷದ ಹಿಂದೆ ದಕ್ಷಿಣ ಯುರೋಪಿನಲ್ಲೂ ಇದ್ದ ಕಾಡಿನ ಜಾತಿ, ಈಗ ಇಂಥ ದ್ವೀಪಗಳಲ್ಲಷ್ಟೇ ಉಳಿದಿದೆ. ಇಲ್ಲಿ ಮಳೆ ಮೇಲಿನಿಂದಷ್ಟೇ ಅಲ್ಲ, ಪಕ್ಕದಿಂದಲೂ ಬರುತ್ತದೆ. ಈಶಾನ್ಯದ ಗಾಳಿ ಮೋಡವನ್ನು ತಂದು ಮರಗಳ ಮೈಗೆ ಒರೆಸುತ್ತದೆ, ಎಲೆ ಪಾಚಿಯಲ್ಲೆಲ್ಲ ಹನಿ ಕಟ್ಟಿ ಕೆಳಗೆ ತೊಟ್ಟಿಕ್ಕುತ್ತದೆ. ಅದೇ ಗಾಳಿಯೇ ಕೆಳಗಿನ ದೋಣಿಗಳನ್ನು ಹಿಂದಿನಿಂದ ತಳ್ಳುವುದು. ಅದನ್ನು ನಂಬಿಯೇ ಕೊಲಂಬಸ್ ಕೂಡ ಹೊರಟದ್ದು.

"ಆಗುಂಬೆ ಘಾಟಿ ಕಣೇ ಇದು, ಇಂಬಳ ಒಂದಿಲ್ಲ" ಅಂತ ಅತ್ತೆ ನೆಲ ನೋಡಿಕೊಂಡೇ ನಡೆದರು, ನಂಬಿಕೆ ಬರಲಿಲ್ಲ ಅಂತ ಕಾಣುತ್ತದೆ.

ಕಾಡಿನಲ್ಲಿ ನಡೆಯುವಾಗ ನಾನು ಅವರಿಗೆ ಅನನ್ಯಾ ಪ್ರಸಾದ್ ಕಥೆ ಹೇಳಿದೆ. ಬೆಂಗಳೂರಿನಲ್ಲಿ ಹುಟ್ಟಿ, ಚಿಕ್ಕವಯಸ್ಸಿನಲ್ಲೇ ಬ್ರಿಟನ್ನಿಗೆ ಹೋದವರು. 2024ರ ಡಿಸೆಂಬರಿನಲ್ಲಿ ಇದೇ ಬಂದರಿನಿಂದ ಒಬ್ಬರೇ ಹೊರಟು, 52 ದಿನದಲ್ಲಿ ಆಂಟಿಗುವಾ ಮುಟ್ಟಿದರು. ನಡು ಸಾಗರದಲ್ಲಿ ಚುಕ್ಕಾಣಿ ಮುರಿದು, ಆ ಅಲೆಯಲ್ಲೇ ಬದಲಾಯಿಸಿಕೊಂಡರು. ಸೇರಿಸಿದ ದುಡ್ಡು ಹೋದದ್ದು ಎರಡು ಕಡೆಗೆ. ಒಂದು ಬ್ರಿಟನ್ನಿನ ಮೆಂಟಲ್ ಹೆಲ್ತ್ ಫೌಂಡೇಶನ್, ಇನ್ನೊಂದು ನಮ್ಮ ಚಾಮರಾಜನಗರದ ದೀನಬಂಧು ಟ್ರಸ್ಟ್.

"ದೀನಬಂಧು ಅಂದ್ರೆ ಜಯದೇವ ಅವರದ್ದಲ್ವಾ?"

ಹೌದು ಅತ್ತೆ, ಅವರು ಅನನ್ಯಾಗೆ ಅಂಕಲ್ ಅಂದೆ. ಅತ್ತೆ ನಿಂತುಬಿಟ್ಟರು. ಲೆಕ್ಕ ಹಾಕಿದರು. "ಹಾಗಾದ್ರೆ ಅವಳು ಜಿಎಸ್ಎಸ್ ಮೊಮ್ಮಗಳು!" ಜಯದೇವ ಅವರ ಅಪ್ಪ ರಾಷ್ಟ್ರಕವಿ ಜಿ.ಎಸ್. ಶಿವರುದ್ರಪ್ಪನವರು. ಅವರ ಕವಿತೆಗಳನ್ನು ಮೂವತ್ತು ವರ್ಷ ಪಾಠ ಮಾಡಿದವರು ಮುಂದೆ ಏನು ಮಾಡಿದರು ಅಂತ ಕನ್ನಡ ಓದುವ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅಜ್ಜ ಕಡಲಿನ ಮೇಲೆ ಬರೆದದ್ದನ್ನು ಮಂಜಿನಲ್ಲಿ, ಒದ್ದೆ ಸೀರೆಯಲ್ಲಿ, ಪೂರ್ತಿ ಹಾಡಿದರು. ಎದುರಿನಿಂದ ಬಂದ ಇಬ್ಬರು ಜರ್ಮನರು ದಾರಿ ಬಿಟ್ಟು ನಿಂತು ಕೇಳಿದರು.

ಊಟಕ್ಕೆ ಕಾಡಿನ ಅಂಚಿನ ಒಂದು ಹೋಟೆಲು. ಇಲ್ಲಿ ಒಂದು ಮಾತು. ಸೊಪ್ಪಿನ ಸಾರು ಇರುತ್ತದೆ, ಮರದ ಬಟ್ಟಲಲ್ಲಿ ಕೊಡುತ್ತಾರೆ, ನೋಡಲು ಪಕ್ಕಾ ಸಸ್ಯಾಹಾರ. ಆದರೆ ಅದರಲ್ಲಿ ಹಂದಿಮಾಂಸದ ತುಂಡು ಹಾಕುವ ರೂಢಿ ಇದೆ. ನಾವು "ಸಿನ್ ಕಾರ್ನೆ?", ಅಂದರೆ ಮಾಂಸ ಇಲ್ಲದ್ದಾ, ಅಂತ ಕೇಳಿದ್ದಕ್ಕೆ ಬದುಕಿದೆವು. ಬದಲಿಗೆ ಸಿಪ್ಪೆ ಸುಕ್ಕಾಗುವಂತೆ ಉಪ್ಪುನೀರಲ್ಲಿ ಬೇಯಿಸಿದ ಪುಟ್ಟ ಆಲೂಗಡ್ಡೆ, ಜೊತೆಗೆ ಕೆಂಪು ಹಸಿರು ಮೊಹೊ ಚಟ್ನಿ. ಗೊಫಿಯೊ ಅಂತ ಒಂದು ಹಿಟ್ಟು ತಂದಿಟ್ಟರು. ಅತ್ತೆ ಬೆರಳಿಗೆ ಹಚ್ಚಿ ನೆಕ್ಕಿ "ಹುರಿಹಿಟ್ಟು" ಅಂತ ತೀರ್ಪು ಕೊಟ್ಟರು. ಸರಿಯೇ, ಹುರಿದ ಧಾನ್ಯದ ಹಿಟ್ಟೇ ಅದು.

ಆಮೇಲೆ ಬಂತು ಮಿಯೆಲ್ ದೆ ಪಾಲ್ಮಾ. ಜೇನು ಅನ್ನುತ್ತಾರೆ, ಜೇನಲ್ಲ. ತಾಳೆ ಜಾತಿಯ ಮರದ ತುದಿ ಕೆತ್ತಿ ರಾತ್ರಿಯೆಲ್ಲ ರಸ ಇಳಿಸಿ, ಬೆಳಗಿನ ಜಾವ ತಂದು ಕುದಿಸಿ ಕಪ್ಪಗೆ ಮಾಡುತ್ತಾರೆ. ನಮ್ಮ ನೀರಾ ಇದ್ದ ಹಾಗೆ, ಇಲ್ಲಿ ಅದರ ಹೆಸರು ಗ್ವಾರಾಪೊ. ಇರುವೆ ಹತ್ತದಿರಲಿ ಅಂತ ಮರದ ಸೊಂಟಕ್ಕೆ ತಗಡು ಸುತ್ತಿದ್ದನ್ನು ದಾರಿಯುದ್ದಕ್ಕೂ ನೋಡಿದ್ದೆವು, ಯಾಕೆ ಅಂತ ಆಗ ಗೊತ್ತಾಯಿತು. ಅತ್ತೆ ಎರಡು ಚಮಚ ತಿಂದು ಕಣ್ಣು ಮುಚ್ಚಿದರು. "ಜೋನಿ ಬೆಲ್ಲ. ಒಂದು ದೋಸೆ ಇದ್ದಿದ್ರೆ." ಅರ್ಧ ಲೀಟರಿನ ಬಾಟಲಿ ಕೊಂಡೆವು.

ಹೋಟೆಲಿನ ಯಜಮಾನರು ನಮಗೆ ಸಿಲ್ಬೊ ಕೇಳಿಸಿದರು. ಶಿಳ್ಳೆಯಲ್ಲೇ ಮಾತಾಡುವುದು. ಕಣಿವೆಯಿಂದ ಕಣಿವೆಗೆ ಸುದ್ದಿ ಮುಟ್ಟಿಸಲು ಹುಟ್ಟಿದ್ದು, ಈಗ ಶಾಲೆಯಲ್ಲಿ ಕಡ್ಡಾಯವಾಗಿ ಕಲಿಸುತ್ತಾರೆ. ಅವರು ಇವರ ಕನ್ನಡಕ ತಗೊಂಡು ಒಂದು ಮೂಲೆಯ ಮೇಜಿನ ಮೇಲಿಟ್ಟು, ಒಳಗಿದ್ದ ಹುಡುಗನಿಗೆ ಶಿಳ್ಳೆ ಹೊಡೆದರು. ಹುಡುಗ ಬಂದು ನೇರ ಆ ಮೇಜಿನಿಂದ ಕನ್ನಡಕ ತೆಗೆದು ಇವರಿಗೇ ಕೊಟ್ಟ. ಅತ್ತೆ ಸುಮ್ಮನಿರುತ್ತಾರಾ? ಹೊಳೆ ಆಚೆಗೆ ಕೇಳುವ ಹಾಗೆ ಒಂದು "ಕೂ" ಹಾಕಿದರು. ಹೋಟೆಲಿನ ನಾಯಿ ಎದ್ದು ಹೊರಗೆ ಹೋಯಿತು.

ವಾಪಸ್ ಬರುವಾಗ ಮಂಜಿನಲ್ಲಿ ಕಾರಿನ ಎಡಗನ್ನಡಿ ಬಂಡೆಗೆ ತಾಗಿ ಚೂರಾಯಿತು. ಪೂರ್ತಿ ಇನ್ಶೂರೆನ್ಸ್ ತಗೊಂಡಿದ್ದಕ್ಕೆ ದುಡ್ಡು ಉಳಿಯಿತು. ಅದನ್ನು ಬೇಡ ಅಂದಿದ್ದವಳು ನಾನೇ ಎಂದು ಇವರು ಊರು ಮುಟ್ಟುವ ತನಕ ನೆನಪಿಸಿದರು.

ನಾಲ್ಕನೇ ದಿನ

ದ್ವೀಪದ ಇನ್ನೊಂದು ಊರು ಆಗುಲೋಗೆ ಹೋಗುವುದಿತ್ತು. ಯಾರೂ ಹೊರಡಲಿಲ್ಲ. ಮೂವರೂ ಹೇಳದೆಯೇ ಬಂದರಿನ ಕಡೆ ನಡೆದೆವು.

ಅವಳ ದೋಣಿ ನೀರಿಗೆ ಇಳಿದಿತ್ತು. ನೀರಿನಲ್ಲಿ ಇನ್ನೂ ಚಿಕ್ಕದಾಗಿ ಕಂಡಿತು. ಅವಳು ಒಂದೇ ಹಗ್ಗದ ಗಂಟನ್ನು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಮಾಡುತ್ತಿದ್ದಳು. ಒಮ್ಮೆ ಕಣ್ಣು ಮುಚ್ಚಿಕೊಂಡೂ ಕಟ್ಟಿದಳು. ರಾತ್ರಿ ಕತ್ತಲೆಗೆ ಅಂತೆ.

ಅವಳ ಅಮ್ಮನ ಮುಖ ಮೊನ್ನೆಯ ಹಾಗೆ ಇರಲಿಲ್ಲ. ಅವರ ಜೊತೆ ಕಟ್ಟೆ ಮೇಲೆ ಕೂತೆ. ಮಗಳು ನಡುವೆ ಬೇಡ ಅಂದರೆ ಏನು ಮಾಡುತ್ತಾರೆ ಅಂತ ಕೇಳಿದೆ. ಡೆಬ್ರಾ ಸರ್ಲ್ ಹೆಸರು ಹೇಳಿದರು. 2001ರಲ್ಲಿ ಡೆಬ್ರಾ ಟೆನೆರಿಫ್‌ನಿಂದ ಗಂಡನ ಜೊತೆ ಹೊರಟಿದ್ದರು. ಗಂಡನೇ ಅನುಭವಿ, ದೊಡ್ಡ ಆಳು. ನಡುಕಡಲಿನಲ್ಲಿ ಆತನಿಗೆ ತಡೆಯಲಾರದ ಭಯ ಶುರುವಾಗಿ, ಎರಡು ವಾರಕ್ಕೆ ಬೇರೆ ಹಡಗು ಹತ್ತಿಸಿ ಕಳಿಸಬೇಕಾಯಿತು. ಡೆಬ್ರಾ ಒಬ್ಬರೇ ಮುಂದುವರಿದು 111ನೇ ದಿನ ಬಾರ್ಬಡೋಸ್ ಮುಟ್ಟಿದರು. ಈಗ ದೊಡ್ಡ ಭಾಷಣಕಾರ್ತಿ. "ಎಲ್ಲರೂ ಅವಳ ಕಥೆ ಹೇಳ್ತಾರೆ. ನಾನು ಮಗಳಿಗೆ ಅವನ ಕಥೆ ಹೇಳಿದೀನಿ. ಹತ್ತಬಹುದಾದ ಹಡಗು ಬಂದ್ರೆ ಹತ್ತು ಅಂತ."

ಇದನ್ನು ನಾನು ಅತ್ತೆಗೆ ಪೂರ್ತಿ ಅನುವಾದ ಮಾಡಿದೆ. ಅತ್ತೆ ಏನೂ ಅನ್ನದೆ ರೂಮಿಗೆ ಹೋಗಿ, ನಮಗಾಗಿ ಊರಿನಿಂದ ತಂದಿದ್ದ ಶೇಂಗಾ ಚಿಕ್ಕಿಯ ಪೊಟ್ಟಣ ತಂದರು. ಹುಡುಗಿ ತೂಕ ನೋಡಿದಳು, ಕೈಯಲ್ಲೇ. ಯೋಚಿಸಿದಳು. ಮುಂದಿನ ಗೂಡಿನೊಳಗೆ ತೆವಳಿ ಹೋಗಿ ಒಂದು ಚಾಕಲೇಟ್ ಡಬ್ಬಿ ಹೊರಗಿಟ್ಟು, ಚಿಕ್ಕಿ ಒಳಗಿಟ್ಟಳು. ಮಾರ್ಕರ್ ತಂದು ಪೊಟ್ಟಣದ ಮೇಲೆ 30 ಅಂತ ಬರೆದಳು.

ಐದನೇ ದಿನ

ದೋಣಿಗಳು ಹೊರಡುವುದು ಮಾರನೇ ದಿನ ಬೆಳಿಗ್ಗೆ. ನಮ್ಮ ಟಿಕೆಟ್ ಈ ದಿನದ್ದು. ತಾರೀಕು ತಪ್ಪು ನೋಡಿದ್ದು ನಾನು. ಬದಲಾಯಿಸಲು ಕೇಳಿದ ದುಡ್ಡಿಗೆ ಇನ್ನೊಂದು ಸಲ ಬಂದು ಹೋಗಬಹುದಿತ್ತು. ನೀವು ಹೋಗುವುದಾದರೆ ಹೊರಡುವ ದಿನದ ಮೇಲೆ ಎರಡು ದಿನ ಇಟ್ಟುಕೊಳ್ಳಿ, ಗಾಳಿ ನೋಡಿ ಹಿಂದೆ ಮುಂದೆ ಮಾಡುವುದೂ ಇದೆಯಂತೆ.

ಹಡಗಿನಲ್ಲಿ ಇವರು ಮಾತ್ರೆ ತಗೊಂಡು ಗೊರಕೆ ಹೊಡೆದರು. ವಿಮಾನ ನಿಲ್ದಾಣದಲ್ಲಿ ಜೋನಿ ಬೆಲ್ಲದ ಬಾಟಲಿ ಹೋಯಿತು. ಕೈಚೀಲದಲ್ಲಿಟ್ಟಿದ್ದೆ, ನೂರು ಮಿಲಿಲೀಟರ್ ದಾಟಿದ ದ್ರವ ಬಿಡುವುದಿಲ್ಲ. "ಅದು ನೀರಲ್ಲ, ಬೆಲ್ಲ" ಅಂತ ಅತ್ತೆ ಕನ್ನಡದಲ್ಲೇ ವಾದ ಮಾಡಿದರು. ತಪಾಸಣೆಯ ಹುಡುಗಿ ಕಸದ ಡಬ್ಬಿಗೆ ಹಾಕುವ ಮುಂಚೆ ಅತ್ತೆ ಮುಚ್ಚಳ ತೆಗೆದು ಅಂಗೈಗೆ ಒಂದಿಷ್ಟು ಸುರಿದುಕೊಂಡು ನೆಕ್ಕಿದರು.

ಮನೆಗೆ ಬಂದ ಮೇಲೆ ಎಲ್ಲ ದೋಣಿಗಳನ್ನೂ ತೋರಿಸುವ ಆ್ಯಪ್ ಹಾಕಿಕೊಂಡೆವು. ನೀಲಿ ನಕ್ಷೆಯ ಮೇಲೆ ಬಣ್ಣದ ಚುಕ್ಕೆಗಳು. ಅತ್ತೆ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿದ ತಕ್ಷಣ ಫೋನು ಕೇಳುತ್ತಿದ್ದರು. ಒಂದು ದಿನ ಆ ದೋಣಿ ಹುಡುಗಿಯ ಚುಕ್ಕೆ ಹಿಂದಿನ ರಾತ್ರಿಗಿಂತ ಒಂಬತ್ತು ಮೈಲಿ ಹಿಂದಿತ್ತು. ಎದುರು ಗಾಳಿ. ಛತ್ರಿ ಲಂಗರು ಬಿಟ್ಟಿರಬೇಕು ಅಂತ ನಾನು ಗಾಬರಿಯಲ್ಲಿ ಅಂದೆ.

ಅತ್ತೆ ಕನ್ನಡಕ ಸರಿ ಮಾಡಿಕೊಂಡು ನೋಡಿದರು. "ಹಿಂದೆ ಹೋದ್ರೆ ಹೋಗ್ಲಿ ಬಿಡೆ. ಮಲಗಿರ್ತಾಳೆ ಪಾಪ. ಇವತ್ತು ಎಷ್ಟನೇ ಚೀಲ?"